99 ವರ್ಷಗಳ ಮನೆ

ಕೋಡಂಬಾಕ್ಕಂನಲ್ಲಿ ಬೆಟ್ಟಗಳಿಲ್ಲ. ಒಂದು ಕಾಲದಲ್ಲಿ ಇದ್ದವೆಲ್ಲ ಸ್ಟುಡಿಯೋಗಳ ಒಳಗೆ, ಪರದೆಯ ಮೇಲೆ ಬಣ್ಣದಲ್ಲಿ ಬರೆದ ಬೆಟ್ಟಗಳು. ಚಿತ್ರರಂಗ ಬೆಂಗಳೂರಿಗೆ ಬಿಡಾರ ಬದಲಿಸುವ ಮುನ್ನ ಕನ್ನಡದ ಎಷ್ಟೋ ನಾಯಕ ನಾಯಕಿಯರು ಇಲ್ಲಿಯ ಮತ್ತು ಪಕ್ಕದ ವಡಪಳನಿಯ ಫ್ಲೋರುಗಳಲ್ಲಿಯೇ ಮಲೆನಾಡನ್ನು ಕಂಡು ಹಾಡಿದರು. 1978ರಲ್ಲಿ 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ' ಬಂದಾಗ ನಮ್ಮಲ್ಲೊಬ್ಬರಿಗೆ ಹದಿನೈದು ವರ್ಷ. ವಿದೇಶದಲ್ಲಿ ಚಿತ್ರೀಕರಿಸಿದ ಮೊದಲ ಕನ್ನಡ ಚಿತ್ರವೆಂದು ಹೆಸರಾದ ಅದನ್ನು ನೋಡಿ ಹೊರಬಂದವರ ಮನಸ್ಸಿನಲ್ಲಿ ಕತೆ ನಿಲ್ಲಲಿಲ್ಲ, ಊರು ನಿಂತಿತು. ಪರದೇಶದಲ್ಲಿ ಒಂದು ಮನೆ ಎಂಬ ಬಯಕೆಯ ಬೀಜ ಅಲ್ಲಿ ಬಿದ್ದಿರಬೇಕು. ಅದು ಮೊಳೆಯಲು ನಲವತ್ತೈದು ವರ್ಷ ಹಿಡಿಯಿತು.

ನಾವು ಮದರಾಸಿಗೆ ಬಂದದ್ದು 1990ರಲ್ಲಿ; ಅಂದಿನಿಂದಲೂ ರಂಗರಾಜಪುರಂ ನಮ್ಮ ನೆಲೆ. 2015ರ ಡಿಸೆಂಬರಿನಲ್ಲಿ ಬೀದಿಯ ನೀರು ಮೆಟ್ಟಿಲೇರಿದ್ದನ್ನೂ, 2019ರ ಬೇಸಿಗೆಯಲ್ಲಿ ಲಾರಿ ನೀರಿಗಾಗಿ ಕೊಡ ಹಿಡಿದು ನಿಂತದ್ದನ್ನೂ ಕಂಡಿದ್ದೇವೆ. ಈಗ ಆರ್ಕಾಟ್ ರಸ್ತೆಯ ಮೆಟ್ರೋ ಕಾಮಗಾರಿಯ ಧೂಳನ್ನು ದಿನಕ್ಕೆರಡು ಬಾರಿ ಒರೆಸುತ್ತಿದ್ದೇವೆ. ನಿವೃತ್ತಿಯ ಹಣ ಕೈಗೆ ಬಂದ ವರ್ಷ, ನಗರದ ಹೋಟೆಲೊಂದರ ಸಭಾಂಗಣದಲ್ಲಿ ನಡೆದ 'ವಿದೇಶದಲ್ಲಿ ರಜೆಯ ಮನೆ' ಎಂಬ ಪ್ರದರ್ಶನಕ್ಕೆ ಹೋದೆವು. ಉಚಿತ ಕಾಫಿಯ ಆಸೆಗೆ ಹೋದೆವೆಂದು ಬಂಧುಗಳಲ್ಲಿ ಹೇಳಿಕೊಂಡದ್ದು ಪೂರ್ಣ ಸತ್ಯವಲ್ಲ. ಅಲ್ಲಿ ದುಬೈ ಇತ್ತು, ಪೋರ್ಚುಗಲ್ ಇತ್ತು; ನಮ್ಮ ಕಣ್ಣು ನೆಟ್ಟಿದ್ದು ಶ್ರೀಲಂಕೆಯ ಮೇಜಿನ ಮೇಲೆ. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಕ್ಕಿಂತ ಹತ್ತಿರ. 2022ರ ಆರ್ಥಿಕ ಕುಸಿತದಲ್ಲಿ ಅಲ್ಲಿಯ ರೂಪಾಯಿ ನೆಲಕಚ್ಚಿದ್ದರಿಂದ ನಮ್ಮ ರೂಪಾಯಿಗೆ ಅಲ್ಲಿ ಮೂರೂವರೆಗಿಂತ ಹೆಚ್ಚು ಬರುತ್ತಿತ್ತು. ಮತ್ತೊಬ್ಬರ ಮನೆ ಕುಸಿದಾಗ ಅಗ್ಗಕ್ಕೆ ಸಿಗುವ ತೊಲೆಯನ್ನು ಆರಿಸಲು ಹೊರಟಿದ್ದೇವೆಂಬುದು ಅಂದು ಹೊಳೆಯಲಿಲ್ಲ.

ಕಾಯಿದೆಯನ್ನು ಮಾತ್ರ ಶ್ರದ್ಧೆಯಿಂದ ಓದಿದೆವು. ಶ್ರೀಲಂಕೆಯ 2014ರ 38ನೆಯ ಕಾಯಿದೆಯ ಪ್ರಕಾರ ವಿದೇಶೀಯರು ಅಲ್ಲಿ ಭೂಮಿಯನ್ನು ಕೊಳ್ಳುವಂತಿಲ್ಲ. ಪೂರ್ತಿ ಹಣವನ್ನು ಹೊರದೇಶದಿಂದ ಮುಂಗಡವಾಗಿ ತಂದರೆ ಬಹುಮಹಡಿ ಕಟ್ಟಡದ ಫ್ಲ್ಯಾಟ್ ಕೊಳ್ಳಬಹುದು. ನೆಲದ ಮೇಲಿನ ಮನೆಯಾದರೆ ಹೆಚ್ಚೆಂದರೆ 99 ವರ್ಷಗಳ ಗೇಣಿ. ನಮ್ಮ ಕಡೆಯಿಂದ ರಿಸರ್ವ್ ಬ್ಯಾಂಕು ತಲೆಗೊಬ್ಬರಂತೆ ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರಗೆ ಕಳುಹಿಸಲು ಬಿಡುತ್ತದೆ. ಆದರೆ 2023ರ ಅಕ್ಟೋಬರಿನಿಂದ, 7 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು ನೂರಕ್ಕೆ 20ರಂತೆ ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತಿತ್ತು. ನಾವು ನೋಡಲಿದ್ದ ಮನೆಯ ಬೆಲೆ ಸುಮಾರು 60 ಲಕ್ಷ. ಇಬ್ಬರೂ 30 ಲಕ್ಷದಂತೆ ಕಳುಹಿಸಿದರೆ ತಲಾ 4.6 ಲಕ್ಷ ಹೆಚ್ಚಿಗೆ ಕಟ್ಟಬೇಕು. ಮುಂದೆ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಂದಕ್ಕೆ ಬರುತ್ತದಾದರೂ ಕೈಯಲ್ಲಿರಬೇಕಾದ ಹಣ ಹಣವೇ. ಪ್ರತಿವರ್ಷದ ರಿಟರ್ನಿನಲ್ಲಿ ವಿದೇಶದ ಆಸ್ತಿಯನ್ನು ತೋರಿಸಬೇಕು; ಮರೆತರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ದಂಡ ಬೀಳಬಹುದು. ಇಂಥ ಆಸೆಯುಳ್ಳ ಓದುಗರಿರಬಹುದೆಂದು ಇಷ್ಟನ್ನು ಬರೆದೆವು. ಪ್ರದರ್ಶನದ ಬಣ್ಣದ ಪುಸ್ತಿಕೆಯಲ್ಲಿ ಇದೊಂದೂ ಇರಲಿಲ್ಲ.

2024ರ ಮಾರ್ಚ್ ತಿಂಗಳಲ್ಲಿ, ಭಾರತೀಯರಿಗೆ ವೀಸಾ ಶುಲ್ಕವಿಲ್ಲದಿದ್ದ ದಿನಗಳಲ್ಲಿ, ಹೊರಟೆವು. ಕೊಲಂಬೊದಲ್ಲಿ ಸಿಂಹಳದ ದುಂಡಗಿನ ಅಕ್ಷರಗಳನ್ನು ಕಂಡು ನಮ್ಮವೇ ಇರಬೇಕೆಂದು ಓದಲು ಹೋಗಿ ಸೋತೆವು. ಕೆಳಗಿದ್ದ ತಮಿಳು ಕೈಹಿಡಿಯಿತು. ಒಂದೇ ಬೀದಿಯಲ್ಲಿ ವಿಹಾರ, ಕೋವಿಲು, ಮಸೀದಿ, ಇಗರ್ಜಿ. 'ಉಡರಟ ಮೆಣಿಕೆ' ಎಂಬ ಚೆಲುವಾದ ಹೆಸರಿನ ರೈಲಿನಲ್ಲಿ ನಾನು ಓಯಾ ನಿಲ್ದಾಣದವರೆಗಿನ ಪಯಣವನ್ನು ವರ್ಣಿಸಲು ಹೋಗುವುದಿಲ್ಲ. ಅದನ್ನು ಕಂಡ ಮೇಲೆ ಬೆಲೆಯಲ್ಲಿ ಚೌಕಾಸಿ ಮಾಡುವ ಶಕ್ತಿ ನಮ್ಮಲ್ಲಿ ಉಳಿಯಲಿಲ್ಲವೆಂದಷ್ಟೇ ಹೇಳಬಹುದು.

ನುವರ ಎಲಿಯ ಸಮುದ್ರಮಟ್ಟದಿಂದ ಸುಮಾರು 1,870 ಮೀಟರ್ ಎತ್ತರದ ಊರು. ಇಡಿಯ ಊರೇ ಹೊರಗಿನವರ ರಜೆಯ ಮನೆಯಾಗಿ ಬೆಳೆದದ್ದು. 1820ರ ದಶಕದ ಕೊನೆಯಲ್ಲಿ ಬ್ರಿಟಿಷ್ ಗವರ್ನರ್ ಎಡ್ವರ್ಡ್ ಬಾರ್ನ್ಸ್ ತನಗೊಂದು ಬಂಗಲೆ ಕಟ್ಟಿಸಿಕೊಂಡ. ಇಂದಿನ ಗ್ರ್ಯಾಂಡ್ ಹೋಟೆಲಿನ ಮೂಲ ಅದು. 1873ರಲ್ಲಿ ಮತ್ತೊಬ್ಬ ಗವರ್ನರ್ ಗ್ರೆಗರಿ ಕೆರೆ ಕಟ್ಟಿಸಿದ. ಬಳಿಕ ಕುದುರೆ ಪಂದ್ಯ, ಗಾಲ್ಫ್ ಮೈದಾನ, ಕೆಂಪಿಟ್ಟಿಗೆಯ ಅಂಚೆ ಕಚೇರಿ. ನಾವು ಆ ಸಾಲಿನ ಕಟ್ಟಕಡೆಯ, ಬಡ ಗವರ್ನರುಗಳೆಂದು ತಮಾಷೆ ಮಾಡಿಕೊಂಡೆವು.

ಮನೆ ಸೀತಾ ಎಲಿಯದ ದೇವಾಲಯ ದಾಟಿ ಹಗ್ಗಲ ಉದ್ಯಾನದ ಕಡೆಗೆ ಹೋಗುವ ದಾರಿಯ ಒಂದು ದಿಬ್ಬದ ಮೇಲಿತ್ತು. ಎರಡು ಕೋಣೆ, ಬೆಂಕಿಗೂಡು, ಗಾಜಿನ ಕಿಟಕಿ, ಅದರಾಚೆ ಚಹಾ ಗಿಡಗಳ ಹಸಿರು. ಅಲ್ಲಿಯ ಅಳತೆಯಲ್ಲಿ 20 ಪರ್ಚ್ ಜಾಗ. ಒಂದು ಪರ್ಚ್ ಎಂದರೆ 272 ಚದರಡಿಗೆ ಸ್ವಲ್ಪ ಹೆಚ್ಚು. ಕರಾವಳಿಯ ಲೆಕ್ಕದಲ್ಲಿ ಹನ್ನೆರಡೂವರೆ ಸೆಂಟ್ಸ್, ಚೆನ್ನೈಯ ಲೆಕ್ಕದಲ್ಲಿ ಎರಡು ಗ್ರೌಂಡಿಗೂ ಹೆಚ್ಚು. ರಂಗರಾಜಪುರಂನ ನಮ್ಮ ಫ್ಲ್ಯಾಟಿಗೆ ಪತ್ರದಲ್ಲಿ ಬರೆದಿರುವ ಅವಿಭಜಿತ ಪಾಲು 410 ಚದರಡಿ, ಎಂದರೆ ಒಂದೂವರೆ ಪರ್ಚ್. ಅಂಗಳದಲ್ಲಿ ನಿಂತು ನಾವು ಫೋಟೋ ತೆಗೆಯುತ್ತಿದ್ದಾಗ ದಲ್ಲಾಳಿ ಬಹಳ ವಿನಯದಿಂದ ನಮ್ಮ ಭುಜ ಹಿಡಿದು ಎಡಕ್ಕೆ ತಿರುಗಿಸಿ, "ಈ ಕಡೆಯಿಂದ ತೆಗೆಯಿರಿ, ನೋಟ ಚೆನ್ನಾಗಿ ಬರುತ್ತದೆ" ಎಂದ. ಹಾಗೆಯೇ ತೆಗೆದೆವು. ಬಲಕ್ಕೆ, ಇಳಿಜಾರಿನಲ್ಲಿ, ತಗಡಿನ ಮಾಡಿನ ಉದ್ದನೆಯ ಸಾಲುಮನೆಗಳಿದ್ದವು.

ಸಂಜೆ ದಲ್ಲಾಳಿಯಿಲ್ಲದೆ ಇಬ್ಬರೇ ಹಿಂದಿರುಗಿ ಹೋದೆವು. ಮಾರ್ಕೆಟ್ಟಿನ ತರಕಾರಿ ಕೊಳ್ಳುವವರು ಕೂಡ ಎರಡು ಬಾರಿ ತಿರುಗಿಸಿ ನೋಡುತ್ತಾರಷ್ಟೆ. ದಾರಿಯಲ್ಲಿ ಸೊಪ್ಪಿನ ಚೀಲ ಹೊತ್ತ ಹೆಂಗಸೊಬ್ಬರು ನಮ್ಮ ತಮಿಳು ಕೇಳಿ ನಿಂತರು. "ಇಂಡಿಯಾದವರಾ ಅಮ್ಮಾ?" ಎಂದು ಕೇಳಿ, ಬೇಡವೆಂದರೂ ಬಿಡದೆ ಮನೆಗೆ ಕರೆದೊಯ್ದು ಹಾಲಿಲ್ಲದ ಚಹಾ ಕೊಟ್ಟರು. ಆ ಸಾಲುಮನೆಗೆ ಅವರು 'ಲಯಂ' ಎನ್ನುತ್ತಾರೆ. 10 ಅಡಿಗೆ 12 ಅಡಿಯ ಒಂದು ಕೋಣೆ, ಮುಂದೊಂದು ಜಗುಲಿ. ಅದರಲ್ಲಿ ಐದು ಜನ. ಆಗ ದಿನಗೂಲಿ ಸಾವಿರ ಲಂಕಾ ರೂಪಾಯಿ, ನಮ್ಮ ಇನ್ನೂರ ಎಪ್ಪತ್ತರ ಆಸುಪಾಸು. ಆಕೆಯ ಮುತ್ತಜ್ಜನೋ ಅವನಪ್ಪನೋ ತಿರುಚ್ಚಿ ಕಡೆಯಿಂದ ಬಂದವನು. ಕೋಣೆಯ ಪತ್ರ ಯಾರ ಹೆಸರಿನಲ್ಲಿದೆಯೆಂದು ನಾವು ಕೇಳಿದ್ದು ಮೂರ್ಖತನವೇ ಸರಿ. "ಪತ್ರ ಎಲ್ಲಿಯದಮ್ಮಾ, ತೋಟದ್ದು" ಎಂದರು. ಸಾಲುಮನೆಯ ಬದಲಿಗೆ ಏಳು ಪರ್ಚ್ ಜಾಗದಲ್ಲಿ ಬೇರೆ ಮನೆ ಕೊಡುತ್ತಾರೆಂಬ ಮಾತಿದೆ, ಇಂಡಿಯಾ ಸರ್ಕಾರವೂ ಕಟ್ಟಿಸುತ್ತಿದೆ, ಮೇಲಿನ ಡಿವಿಜನ್ನಿನಲ್ಲಿ ಕೆಲವರಿಗೆ ಸಿಕ್ಕಿದೆ, ತಮ್ಮ ಹೆಸರು ಪಟ್ಟಿಯಲ್ಲಿದೆ ಎಂದರು. ಬಳಿಕ ಸಹಜವಾಗಿ, "ಮೇಲಿನ ಮನೆ ನೀವು ತೆಗೆದುಕೊಳ್ಳುತ್ತೀರಾ? ಆದರೆ ಅಡುಗೆಗೆ ಜನ ಬೇಕಾದೀತು, ನನ್ನ ಮಗಳಿದ್ದಾಳೆ" ಎಂದರು.

ಆ ಜನರ ಕತೆ ನಮಗೆ ಹೊಸದೇನಲ್ಲ. 1820ರ ದಶಕದಿಂದ ಮೊದಲು ಕಾಫಿಗೆ, ಕಾಫಿ ಎಲೆರೋಗಕ್ಕೆ ಸತ್ತ ಮೇಲೆ ಚಹಾಕ್ಕೆಂದು ತಮಿಳುನಾಡಿನಿಂದ ಕರೆದೊಯ್ದವರ ಸಂತತಿ ಅದು. 1948ರ ಕಾಯಿದೆ ಅವರಲ್ಲಿ ಬಹುಪಾಲಿನವರ ಪೌರತ್ವ ಕಿತ್ತುಕೊಂಡಿತು. 1964ರಲ್ಲಿ ಸಿರಿಮಾವೊ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರು ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ ಎಂದು ಪಾಲಾಯಿತು. ಉಳಿದ 1,50,000 ಜನರನ್ನು ಮುಂದೆ ನೋಡೋಣವೆಂದು ಬಿಟ್ಟರು. ಮನೆ ಪಾಲಿನಲ್ಲಿ ಹಿತ್ತಾಳೆ ಪಾತ್ರೆಗಳನ್ನು ಹೀಗೆಯೇ ಎಣಿಸುತ್ತಾರೆ. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದವರಲ್ಲಿ ಅನೇಕರು ನೀಲಗಿರಿಯ ಚಹಾ ತೋಟಗಳಿಗೆ ಹೋದರು. ಆಕೆಯ ಚಿಕ್ಕಪ್ಪನೂ ಕೂಡಲೂರಿಗೆ ಹೋದನಂತೆ. ಕಾಗದ ನಿಂತು ಮೂವತ್ತು ವರ್ಷವಾಯಿತು. ಕೆಲವು ಕುಟುಂಬಗಳು ಕರ್ನಾಟಕಕ್ಕೂ ಬಂದವು. ಅರಣ್ಯ ಅಭಿವೃದ್ಧಿ ನಿಗಮ ಅವರಿಗಾಗಿ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳನ್ನೆಬ್ಬಿಸಿತು.

ಇಲ್ಲಿ 'ನಾವು' ಎಂಬ ಪದವನ್ನು ಸ್ವಲ್ಪ ಬಿಡಿಸಬೇಕು. ನಮ್ಮಲ್ಲೊಬ್ಬರು ಮೈಸೂರಿನವರು. ಇನ್ನೊಬ್ಬರು ಸುಳ್ಯದ ಕಡೆಯವರು. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಹಾಲು ತೆಗೆಯಲು ಹೊರಡುವ 'ಸಿಲೋನಿನವರ' ಮಕ್ಕಳೊಡನೆ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ಅವರ ಕನ್ನಡವನ್ನು ಆಡಿಕೊಂಡು ನಕ್ಕವರು. ಅವರಿಗೂ ನಿಗಮದ ಸಾಲುಮನೆಗಳೇ, ಕೆಲಸವಿರುವವರೆಗೆ ಮಾತ್ರ. ಚಹಾದ ಲೋಟ ಕೆಳಗಿಟ್ಟಾಗ ಒಬ್ಬರ ಮನಸ್ಸು ಮುಗಿದಿತ್ತು, ಇನ್ನೊಬ್ಬರ ಮನಸ್ಸು ಇನ್ನೂ ಮೇಲಿನ ಗಾಜಿನ ಕಿಟಕಿಯಲ್ಲಿತ್ತು. ಆ ರಾತ್ರಿ ಚಳಿಯಲ್ಲಿ ಜಗಳವಾಡಿದೆವು. ನಾವು ಕೊಳ್ಳದಿದ್ದರೆ ಬೇರೆ ಯಾರೋ ಕೊಳ್ಳುತ್ತಾರೆ, ಆ ಹುಡುಗಿಗೆ ಕೆಲಸವಾದರೂ ಸಿಕ್ಕೀತು ಎಂಬುದು ಒಂದು ವಾದ. ಅದರಲ್ಲಿ ಹುರುಳಿಲ್ಲವೆಂದು ಇಂದಿಗೂ ಹೇಳಲಾರೆವು. ಇನ್ನೂರು ವರ್ಷ ಇದ್ದವರಿಗೆ ಏಳು ಪರ್ಚಿನ ಪಟ್ಟಿ, ನಾಲ್ಕು ದಿನ ಬಂದವರಿಗೆ ಇಪ್ಪತ್ತು ಪರ್ಚ್ 99 ವರ್ಷ, ಆ ಕಿಟಕಿಯಲ್ಲಿ ಕುಳಿತು ಬಲಕ್ಕೆ ನೋಡದೆ ಎಷ್ಟು ದಿನ ಇರಲಾದೀತು ಎಂಬುದು ಇನ್ನೊಂದು. ಡಬ್ಲಿನ್ನಿನಲ್ಲಿರುವ ಮಗಳಿಗೆ ಫೋನ್ ಮಾಡಿದರೆ ಅವಳದು ಮೂರನೆಯದು: "ಅಪ್ಪಾ, 2123ರವರೆಗೆ ಗೇಣಿ ಕಟ್ಟುವ ಮೊದಲು ಸುಳ್ಯದ ಮನೆ ಸೋರುವುದನ್ನು ನಿಲ್ಲಿಸಿ."

ಮುಂಗಡ ಕೊಡದೆ ಹಿಂದಿರುಗಿದೆವು. ದಲ್ಲಾಳಿ ಎರಡು ತಿಂಗಳು ಫೋನ್ ಮಾಡಿದ. ಹಣ ಬ್ಯಾಂಕಿನಲ್ಲಿದೆ; ಗಾಜಿನ ಕಿಟಕಿಯ ಮಾತು ಇಂದಿಗೂ ಕೆಲವು ಸಂಜೆ, ವಿದ್ಯುತ್ತು ಹೋದಾಗ, ಮನೆಯಲ್ಲಿ ಬರುತ್ತದೆ.

ಆ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಸುಳ್ಯದ ಮನೆಗೆ ಹೋದೆವು. ಹಳದಿ ಎಲೆ ರೋಗ ಬಡಿದು ಅಡಿಕೆ ತೋಟ ಅರ್ಧ ಬಯಲಾಗಿದೆ. ಮನೆಗೆ ಬೀಗ ಬಿದ್ದು ಆರು ವರ್ಷ. ಒಡೆದ ಹೆಂಚು ಬದಲಿಸಲು ರಬ್ಬರ್ ಕಾಲನಿಯಿಂದ ಒಬ್ಬ ಯುವಕ ಬಂದ. ಅಜ್ಜನ ಊರು ಯಾವುದೆಂದು ನಾವು ತಮಿಳಿನಲ್ಲಿ ಕೇಳಿದೆವು. ಆತ ಕನ್ನಡದಲ್ಲಿ ಉತ್ತರಿಸಿದ.

"ನುವರೆಲಿಯಾ ಹತ್ತಿರ ಅಂತೆ ಸಾರ್. ಭಾರೀ ಚಳಿಯಂತೆ ಅಲ್ಲಿ."

ನಾವು ಈಚೆಗೆ ಹೋಗಿದ್ದೆವೆಂದಾಗ ಏಣಿಯಿಂದ ಇಳಿದು ಬಂದ. "ಫೋಟೋ ಉಂಟಾ?"

ಇತ್ತು. ಮನೆಯದು, ಬೆಂಕಿಗೂಡಿನದು, ಕಿಟಕಿಯದು, ಅಂಗಳದ ಎಡಗಡೆಯದು. ಕೈಯನ್ನು ಲುಂಗಿಗೆ ಒರೆಸಿಕೊಂಡು ಒಂದೊಂದನ್ನೂ ಸರಿಸಿ ನೋಡಿದ. "ಜನ ಇರುವ ಕಡೆ ತೆಗೆಯಲಿಲ್ವಾ ಸಾರ್?" ಎಂದು ಕೇಳಿದ. ಇಲ್ಲವೆಂದೆವು. ಫೋನನ್ನು ಹಿಂದಕ್ಕೆ ಕೊಟ್ಟು ಏಣಿ ಹತ್ತಿ, ಮೇಲಿನಿಂದ ಕೈಚಾಚಿ ಹೆಂಚು ಕೇಳಿದ.