ಸವಾರನ ತೂಕ

ಪತ್ರಿಕೆಯಲ್ಲಿ ಕುದುರೆ ಪಂದ್ಯದ ಫಲಿತಾಂಶವನ್ನು ಓದುವ ಅಭ್ಯಾಸ ನನಗಿದೆ ಎಂದರೆ ಪರಿಚಿತರು ಹುಬ್ಬೇರಿಸುತ್ತಾರೆ. ನಮ್ಮಂಥ ಸಂಬಳದಾರರ ಮನೆಗಳಲ್ಲಿ ‘ರೇಸಿಗೆ ಹೋಗುತ್ತಾನಂತೆ’ ಎಂಬ ಮಾತನ್ನು ದನಿ ತಗ್ಗಿಸಿಯೇ ಆಡುವುದು ರೂಢಿ. ಹೆಣ್ಣು ಕೊಡುವವರ ಕಿವಿಗೆ ಬಿದ್ದರಂತೂ ಸಂಬಂಧ ಅಲ್ಲಿಗೆ ಮುಗಿಯಿತು. ನಾನು ಇಂದಿನವರೆಗೆ ಯಾವ ಕುದುರೆಯನ್ನೂ ನಂಬಿ ಒಂದು ರೂಪಾಯಿ ಕಟ್ಟಿದವನಲ್ಲ. ನನ್ನನ್ನು ಸೆಳೆಯುವುದು ಆ ಅಂಕಣದಲ್ಲಿ ಹೆಸರುಗಳು ಕುಳಿತಿರುವ ಕ್ರಮ. ಮೊದಲು ಕುದುರೆಯ ಹೆಸರು, ಆಮೇಲೆ ಅದರ ತಂದೆತಾಯಿಗಳು, ಆಮೇಲೆ ಮಾಲೀಕರು. ಎಲ್ಲ ಆದಮೇಲೆ, ಬಸ್ಸಿನ ಕೊನೆಯ ಸೀಟಿನಲ್ಲಿ ಮುದುರಿ ಕುಳಿತವನಂತೆ, ಸವಾರ.

ಪಂದ್ಯದ ಕುದುರೆಗೆ ವಂಶಾವಳಿ ಉಂಟು. ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಕೊನೆಯಿಂದ ಅದನ್ನು ಪುಸ್ತಕವಾಗಿ ಅಚ್ಚು ಹಾಕಿ ಇಟ್ಟಿದ್ದಾರೆ. ಕುದುರೆಯ ಅಜ್ಜನ ಅಜ್ಜ ಯಾರೆಂದು ಕೇಳಿದರೆ ಪುಟ ತಿರುವಿ ಹೇಳಬಲ್ಲರು. ಅದರ ಬೆನ್ನ ಮೇಲಿರುವ ಮನುಷ್ಯನಿಗೆ ಆ ಭಾಗ್ಯವಿಲ್ಲ. ಇಂದು ನಾನು ಹೇಳಹೊರಟಿರುವ ಜಿಮ್ಮಿ ವಿಂಕ್‌ಫೀಲ್ಡ್ ಎಂಬ ಜಾಕಿ ಹುಟ್ಟಿದ ವರ್ಷವನ್ನು ಕೆಲವರು 1880 ಎನ್ನುತ್ತಾರೆ, ಕೆಲವರು 1882 ಎನ್ನುತ್ತಾರೆ. ಅವನು ಏರಿದ ಕುದುರೆಗಳ ವಿಷಯದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ.

ಸವಾರನ ವಿಷಯದಲ್ಲಿ ಪಂದ್ಯದವರು ಕಟ್ಟುನಿಟ್ಟಾಗಿ ಬರೆದಿಡುವುದು ಒಂದನ್ನೇ, ಅವನ ತೂಕವನ್ನು. ಪ್ರತಿ ಕುದುರೆಯೂ ಎಷ್ಟು ಭಾರ ಹೊರಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಪಂದ್ಯಕ್ಕೆ ಮೊದಲು ಸವಾರ ಜೀನನ್ನು ತೋಳಿನಲ್ಲಿ ಹಿಡಿದು ತಕ್ಕಡಿ ಏರುತ್ತಾನೆ. ಕಡಮೆಯಾದರೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಪಂದ್ಯ ಮುಗಿದೊಡನೆ ಮತ್ತೆ ಅದೇ ಜೀನಿನೊಡನೆ ಅದೇ ತಕ್ಕಡಿ. ಹೋದಾಗಿನ ತೂಕಕ್ಕೂ ಬಂದಾಗಿನ ತೂಕಕ್ಕೂ ಹೊಂದಿಕೆಯಾಗದಿದ್ದರೆ ಗೆಲುವೇ ಗೆಲುವಲ್ಲ. ಕಠಿಣ ನಿಯಮವೇ ಸರಿ. ಆದರೆ ಆ ತಕ್ಕಡಿಗೆ ಸವಾರನ ಮೈಬಣ್ಣ ಕಾಣುವುದಿಲ್ಲ. ವಿಂಕ್‌ಫೀಲ್ಡನ ಬಾಳನ್ನು ಓದಿದಾಗ, ಅವನಿಗೆ ಎಲ್ಲೆಡೆ ಒಂದೇ ನ್ಯಾಯ ಕೊಟ್ಟದ್ದು ಅದೊಂದೇ ಎನಿಸುತ್ತದೆ.

ಅಮೆರಿಕದ ಕೆಂಟಕಿ ಕುದುರೆಗಳ ನಾಡು. ಗುಲಾಮಗಿರಿಯ ಕಾಲದಲ್ಲಿ ಅಲ್ಲಿ ಕುದುರೆ ತೊಳೆದು, ಮೇಯಿಸಿ, ಪಳಗಿಸಿ, ಏರಿ ಓಡಿಸಿದವರು ಕಪ್ಪು ಜನರೇ. ಬಿಡುಗಡೆಯಾದ ಮೇಲೂ ಆ ವಿದ್ಯೆ ಅವರ ಕೈಯಲ್ಲೇ ಉಳಿಯಿತು. 1875ರಲ್ಲಿ ಲೂಯಿವಿಲ್ ನಗರದಲ್ಲಿ ಮೊದಲ ಕೆಂಟಕಿ ಡರ್ಬಿ ನಡೆದಾಗ ಹದಿನೈದು ಸವಾರರಲ್ಲಿ ಹದಿಮೂರು ಮಂದಿ ಕಪ್ಪು ಜನ. ಗೆದ್ದವನೂ ಅವರಲ್ಲೊಬ್ಬ, ಆಲಿವರ್ ಲೂಯಿಸ್. ಮೊದಲ 28 ಡರ್ಬಿಗಳಲ್ಲಿ 15 ಇವರ ಪಾಲಾದುವು. ಅವುಗಳಲ್ಲಿ ಕೊನೆಯ ಎರಡು, 1901ರದು ಮತ್ತು 1902ರದು, ವಿಂಕ್‌ಫೀಲ್ಡನವು. ಹದಿನೇಳು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ ಹುಡುಗ ಇಪ್ಪತ್ತು ಇಪ್ಪತ್ತೆರಡರ ವಯಸ್ಸಿಗೆ ನಾಡಿನ ಅತಿ ದೊಡ್ಡ ಪಂದ್ಯವನ್ನು ಎರಡು ಸಲ ಗೆದ್ದಿದ್ದ.

1902ರ ಗೆಲುವಿನ ಹಿಂದೆ ಒಂದು ಚೇಷ್ಟೆಯ ಕತೆಯಿದೆ. ಮಾಲೀಕನಲ್ಲಿ ಎರಡು ಕುದುರೆ, ಯಾವುದನ್ನು ಏರುವುದೆಂದು ಆರಿಸುವ ಹಕ್ಕು ಹೆಸರುವಾಸಿಯಾದ ಒಬ್ಬ ಬಿಳಿಯ ಸವಾರನಿಗೆ, ಬಿಟ್ಟದ್ದು ವಿಂಕ್‌ಫೀಲ್ಡನಿಗೆ. ಆದರೆ ಬೆಳಗಿನ ಹೊತ್ತು ಎರಡನ್ನೂ ಓಡಿಸಿ ಅಭ್ಯಾಸ ಮಾಡಿಸುತ್ತಿದ್ದವನು ಇವನೇ. ಅಲನ್-ಎ-ಡೇಲ್ ಎಂಬ ಕುದುರೆಯೇ ಮೇಲೆಂದು ಇವನಿಗೆ ಗೊತ್ತು. ದಿನವೂ ಅದರ ಲಗಾಮನ್ನು ಕೊಂಚ ಬಿಗಿಹಿಡಿದು, ಅದರ ನಿಜವಾದ ವೇಗ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡ. ದೊಡ್ಡವರು ಬಂದರು, ನೋಡಿದರು, ಇನ್ನೊಂದನ್ನು ಆರಿಸಿಕೊಂಡರು. ಅಲನ್-ಎ-ಡೇಲ್ ಮೂಗಿನಷ್ಟು ಅಂತರದಲ್ಲಿ ಗೆದ್ದಿತು. ಆರಿಸುವ ಹಕ್ಕಿಲ್ಲದವನು ತನಗೆ ಬೇಕಾದುದನ್ನು ಪಡೆಯುವ ಉಪಾಯ ಇದು. ಅತ್ತೆಯ ಮನೆಯಲ್ಲಿ ಬಾಳಿದ ನಮ್ಮ ಹಿಂದಿನ ಸೊಸೆಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಕಾಲ ತಿರುಗಿತ್ತು. ಬಹುಮಾನದ ಹಣ ದೊಡ್ಡದಾದಂತೆ ಅದು ಕಪ್ಪು ಕೈಗೆ ಹೋಗುವುದು ಬಿಳಿಯ ಸವಾರರಿಗೆ ಸಹಿಸದಾಯಿತು. ಓಟದ ನಡುವೆ ಕಪ್ಪು ಸವಾರನನ್ನು ಎರಡು ಕಡೆಯಿಂದ ಒತ್ತಿ ಕಟಕಟೆಗೆ ತಳ್ಳುವುದು, ಚಾಟಿ ಕುದುರೆಗೆ ಬೀಳುವ ಬದಲು ಅವನ ಮೈಗೆ ಬೀಳುವುದು ಮೊದಲಾಯಿತು. ಕುದುರೆಗೆ ಪೆಟ್ಟಾದೀತೆಂದು ಮಾಲೀಕರು ಅಂಥವರನ್ನು ಕರೆಯುವುದನ್ನೇ ಬಿಟ್ಟರು. ಯಾವ ಕಾನೂನೂ ಬೇಕಾಗಲಿಲ್ಲ. 1903ರಲ್ಲಿ ವಿಂಕ್‌ಫೀಲ್ಡ್ ಒಬ್ಬ ಬಲಿಷ್ಠ ಮಾಲೀಕನಿಗೆ ಮಾತು ಕೊಟ್ಟು, 3,000 ಡಾಲರಿನ ಆಸೆಗೆ ಮತ್ತೊಬ್ಬನ ಕುದುರೆಯನ್ನು ಏರಿದ. ಅದು ತಪ್ಪೇ. ಬೇರೆಯವರಿಗಾದರೆ ಒಂದು ವರ್ಷದ ಮುನಿಸಿನಲ್ಲಿ ಮುಗಿಯಬಹುದಾಗಿದ್ದ ತಪ್ಪು ಇವನಿಗೆ ಊರನ್ನೇ ಬಿಡಿಸಿತು. 1904ರಲ್ಲಿ ರಷ್ಯಕ್ಕೆ ಹಡಗು ಹತ್ತಿದ.

ಪರದೇಶವೆಂದರೆ ನಮ್ಮ ಕಲ್ಪನೆಯಲ್ಲಿ ಭಾಷೆ ತಿಳಿಯದ, ಊಟ ಒಗ್ಗದ, ನೆಂಟರಿಲ್ಲದ ನಾಡು. ರಷ್ಯವೂ ಅವನಿಗೆ ಹಾಗೆಯೇ ಇದ್ದಿರಬೇಕು. ಆದರೆ ಅಲ್ಲಿ ಅವನು ಆಳುಕಾಳುಗಳನ್ನಿಟ್ಟುಕೊಂಡು, ಮಾಸ್ಕೋವಿನ ಕ್ರೆಮ್ಲಿನ್ ಬಳಿಯ ದೊಡ್ಡ ಹೋಟೆಲಿನಲ್ಲಿ ಬಿಡಾರ ಹೂಡಿದ. ಸಾಮ್ರಾಜ್ಯದ ದೊಡ್ಡ ಪಂದ್ಯಗಳನ್ನು ಮತ್ತೆ ಮತ್ತೆ ಗೆದ್ದ, ವಾರ್ಸಾದಲ್ಲಿ ಗೆದ್ದ, 1909ರಲ್ಲಿ ಜರ್ಮನಿಯ ಬಾಡೆನ್‌ನ ದೊಡ್ಡ ಪಂದ್ಯವನ್ನೂ ಗೆದ್ದ. ಶ್ರೀಮಂತರ ಮನೆಯ ಹೆಣ್ಣನ್ನು ಮದುವೆಯಾದ. ತನ್ನ ಊರಿನಲ್ಲಿ ಮುಂಬಾಗಿಲಿನಿಂದ ಒಳಗೆ ಹೋಗುವುದು ಕಷ್ಟವಾಗಿದ್ದವನಿಗೆ ತ್ಸಾರನ ರಾಜ್ಯದಲ್ಲಿ ಬಾಗಿಲುಗಳು ತೆರೆದವು. ರಷ್ಯ ನ್ಯಾಯದ ಬೀಡಾಗಿತ್ತೆಂದು ಇದರ ಅರ್ಥವಲ್ಲ. ಅಲ್ಲಿ ಅನ್ಯಾಯಕ್ಕೆ ಗುರಿಯಾಗುವ ಜನ ಬೇರೆ ಇದ್ದರು, ಅಷ್ಟೆ.

1917ರಲ್ಲಿ ಅವರ ಸರದಿ ಬಂತು. ಕ್ರಾಂತಿಯ ದಿನಗಳಲ್ಲಿ ಪಂದ್ಯದ ಕುದುರೆಗಳನ್ನು ಕಪ್ಪು ಸಮುದ್ರದ ತೀರದ ಒಡೆಸ್ಸಾಗೆ ಸಾಗಿಸಿದ್ದರು. 1919ರಲ್ಲಿ ಅಲ್ಲಿಯೂ ಉಳಿಗಾಲವಿಲ್ಲವಾದಾಗ ವಿಂಕ್‌ಫೀಲ್ಡ್ ಮತ್ತು ಸಂಗಡಿಗರು ಇನ್ನೂರಕ್ಕೂ ಹೆಚ್ಚು ಕುದುರೆಗಳನ್ನು ಹೊಡೆದುಕೊಂಡು, ಸುಮಾರು 1,100 ಮೈಲಿ ನಡೆದು ಪೋಲೆಂಡಿನ ವಾರ್ಸಾ ಸೇರಿದರು. ದಾರಿಯಲ್ಲಿ ಹಸಿವು ತಾಳಲಾರದೆ ಕೆಲವು ಕುದುರೆಗಳನ್ನು ಕೊಂದು ತಿಂದರಂತೆ. ಅವನು ಗೆದ್ದ ಪಂದ್ಯಗಳನ್ನು ನಾನು ಮರೆಯಬಲ್ಲೆ; ಈ ಮಾತನ್ನು ಮರೆಯಲಾರೆ. ಬಾಳಿನುದ್ದಕ್ಕೂ ಅನ್ನ ಕೊಟ್ಟ ಪ್ರಾಣಿ ಕೊನೆಗೆ ತಾನೇ ಅನ್ನವಾಗುವುದೆಂದರೆ ಆ ರಾತ್ರಿ ಅವರು ಒಬ್ಬರ ಮುಖ ಒಬ್ಬರು ಹೇಗೆ ನೋಡಿಕೊಂಡರೋ!

ಅಲ್ಲಿಂದ ಫ್ರಾನ್ಸ್. ಮತ್ತೊಂದು ಭಾಷೆ, ಮತ್ತೊಂದು ಮೊದಲು. ನಲವತ್ತು ದಾಟಿದ ಮೇಲೆ, 1923ರಲ್ಲಿ, ಅಲ್ಲಿನ ರಾಷ್ಟ್ರಾಧ್ಯಕ್ಷರ ಹೆಸರಿನ ಪಂದ್ಯವನ್ನು ಗೆದ್ದ. 1930ರಲ್ಲಿ ಸವಾರಿ ಬಿಡುವ ಹೊತ್ತಿಗೆ ಅವನ ಗೆಲುವು 2,500 ಮೀರಿತ್ತು. ಪ್ಯಾರಿಸಿನ ಹತ್ತಿರ ಮೇಸೋಂ-ಲಫಿತ್ ಎಂಬಲ್ಲಿ ಲಾಯ ಕಟ್ಟಿ ಕುದುರೆಗಳನ್ನು ತರಬೇತು ಮಾಡತೊಡಗಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಆ ಲಾಯವನ್ನೂ ಹಿಡಿಯಿತು. 1941ರಲ್ಲಿ ಬೇರೆ ದಾರಿ ಕಾಣದೆ ಅಮೆರಿಕಕ್ಕೆ ಮರಳಿದ. ಎರಡು ಸಲ ಡರ್ಬಿ ಗೆದ್ದವನಿಗೆ ಅಲ್ಲಿ ಮೊದಲು ಸಿಕ್ಕಿದ್ದು ರಸ್ತೆ ರಿಪೇರಿಯ ಕೂಲಿ. ಆಮೇಲೆ ಇತರರ ಲಾಯದಲ್ಲಿ ಚಾಕರಿ. ದುಡ್ಡು ಕೂಡಿಸಿ 1953ರಲ್ಲಿ ಮತ್ತೆ ಫ್ರಾನ್ಸಿಗೆ ಹೋದ. ಹೋದ ಎನ್ನಲೇ, ಮನೆಗೆ ಮರಳಿದ ಎನ್ನಲೇ?

1961ರಲ್ಲಿ ಅಮೆರಿಕದ ಒಂದು ಪತ್ರಿಕೆಯವರು ಡರ್ಬಿಯ ಸಮಯದಲ್ಲಿ ಲೂಯಿವಿಲ್‌ನಲ್ಲಿ ನಡೆಸಿದ ಔತಣಕ್ಕೆ ಅವನನ್ನು ಕರೆದರು. ಎಂಬತ್ತರ ಮುದುಕ ಮಗಳೊಡನೆ ಹೋಟೆಲಿನ ಮುಂಬಾಗಿಲಿಗೆ ಬಂದಾಗ ಕಾವಲಿನವನು ತಡೆದ: ಕಪ್ಪು ಜನರಿಗೆ ಇಲ್ಲಿ ಪ್ರವೇಶವಿಲ್ಲ. ತಾವು ಕರೆದು ಬಂದ ಅತಿಥಿಗಳೆಂದು ತಿಳಿಹೇಳಿ, ಕಾದು ನಿಂತು, ಕೊನೆಗೆ ಒಳಹೋದರು. ಒಳಗೆ ಅವರನ್ನು ಮಾತನಾಡಿಸಿದವರು ವಿರಳ. 1913ರ ಡರ್ಬಿ ಗೆದ್ದಿದ್ದ ರಾಸ್ಕೋ ಗೂಸ್ ಎಂಬ ಬಿಳಿಯ ಮುದುಕ ಸವಾರ ಮಾತ್ರ ಆದರದಿಂದ ಕಂಡ. ಕುದುರೆಯ ಬೆನ್ನು ಎಷ್ಟು ಎತ್ತರ, ಅಲ್ಲಿಂದ ನೆಲ ಎಷ್ಟು ದೂರ ಎಂಬುದು ಇಬ್ಬರಿಗೂ ಗೊತ್ತಿದ್ದುದರಿಂದಲೋ ಏನೋ.

ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳು ನಮ್ಮಲ್ಲಿ ಈಗ ಬೀದಿಗೆ ಹತ್ತು. ‘ಅಲ್ಲಿ ಎಷ್ಟೇ ಇದ್ದರೂ ಅದು ಪರದೇಶ ತಾನೆ’ ಎಂದು ಹಿರಿಯರು ನಿಟ್ಟುಸಿರು ಬಿಡುವುದನ್ನು ಕೇಳುತ್ತಲೇ ಇರುತ್ತೇವೆ. ಹುಟ್ಟಿದ ನೆಲವೇ ಸ್ವದೇಶ ಎಂಬುದನ್ನು ಅವರು ಸಂದೇಹಿಸಬೇಕಾಗಿ ಬಂದಿಲ್ಲ. ಅದು ಅವರ ಪುಣ್ಯ. ಅದೇ ಊರಿನ ಅದೇ ಬೀದಿಯಲ್ಲಿ, ಹುಟ್ಟಿದ ನೆಲದ ಬಾಗಿಲಲ್ಲಿಯೇ ನಿಂತು ಕಾದವರೂ ಇರಲಿಲ್ಲವೇ ಎಂದು ವಿಂಕ್‌ಫೀಲ್ಡನ ಕತೆ ನನ್ನನ್ನು ಕೇಳುತ್ತದೆ. ಆ ಪ್ರಶ್ನೆಯನ್ನು ಕೆಂಟಕಿಯವರಿಗೆ ಮಾತ್ರ ಬಿಟ್ಟು ಸುಮ್ಮನಿರುವುದು ನನಗೆ ಸಾಧ್ಯವಾಗಿಲ್ಲ.

ಅವನು 1974ರ ಮಾರ್ಚ್ ತಿಂಗಳಲ್ಲಿ ಮೇಸೋಂ-ಲಫಿತ್‌ನಲ್ಲಿ ತೀರಿಕೊಂಡ. ಅಮೆರಿಕದ ಕುದುರೆ ಪಂದ್ಯದ ವಸ್ತುಸಂಗ್ರಹಾಲಯ ಅಲ್ಲಿನ ಮಹನೀಯರ ಪಟ್ಟಿಗೆ ಅವನ ಹೆಸರನ್ನು ಸೇರಿಸಿದ್ದು 2004ರಲ್ಲಿ. ಅವನು ಹಡಗು ಹತ್ತಿ ಸರಿಯಾಗಿ ನೂರು ವರ್ಷಕ್ಕೆ. ಪಂದ್ಯದ ಬಯಲಿನಲ್ಲಿ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ತೂಗುತ್ತಾರೆ. ನಡುವೆ ಸ್ವಲ್ಪವೇ ಹೊತ್ತು. ಇವನ ಎರಡನೆಯ ತೂಕಕ್ಕೆ ಇಷ್ಟು ಕಾಲ ಹಿಡಿಯಿತು.