ಜೆ.ಸಿ. ರಸ್ತೆಯ ಸೌಂಡ್ ರಿಪೇರಿ

ಬೆಂಗಳೂರಲ್ಲಿ ಹಳೇ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಜೆ.ಸಿ. ರಸ್ತೆಗೆ ಬಂದೇ ಬರ್ತಾರೆ. ಟೌನ್ ಹಾಲ್ ಕಡೆಯ ತುದಿಯಲ್ಲಿ 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರ. ಅಲ್ಲಿಂದ ಮಿನರ್ವ ಸರ್ಕಲ್ ಕಡೆಗೆ ಹೊರಟರೆ ಸೀಟ್ ಕವರ್, ಹಾರ್ನ್, ಸ್ಪೀಕರ್ ಅಂಗಡಿಗಳ ಸಾಲು. ಕಾರು ಸ್ವಲ್ಪ ಸ್ಲೋ ಮಾಡಿದರೆ ಸಾಕು, ಹುಡುಗರು ಕಿಟಕಿ ಹತ್ರ ಓಡಿ ಬಂದು, "ಏನ್ ಬೇಕು ಸಾರ್?" ಅಂತಾರೆ.

ನನಗೆ ಬೇಕಿದ್ದದ್ದು ಒಳ್ಳೆ ಸೌಂಡು. ಊರಿಗೆ, ಅಂದ್ರೆ ಚನ್ನರಾಯಪಟ್ಟಣದ ಕಡೆ ಹೊರಟಾಗ, ನೆಲಮಂಗಲ ದಾಟಿದ ಕೂಡಲೇ ಟೈರಿನ ಸದ್ದು ಹಾಡನ್ನೆಲ್ಲ ನುಂಗಿಬಿಡುತ್ತಿತ್ತು. ವಾಲ್ಯೂಮ್ ಏರಿಸಿದರೆ ಬಾಗಿಲು ಗಡಗಡ ಅನ್ನುತ್ತಿತ್ತು. ಪಕ್ಕದ ಸೀಟಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದರು. ಮೊದಲೇ ಮೆತ್ತಗಿನ ದನಿ. ಮುಂಚೆ ಅವರ ಮಾತನ್ನು ಹಿಂದಿನ ಸೀಟಿಂದ ಅಮ್ಮ ಜೋರಾಗಿ ದಾಟಿಸುತ್ತಿದ್ದಳು. ಮಂಡಿನೋವು ಬಂದ ಮೇಲೆ ಅವಳು ಕಾರು ಹತ್ತೋದೇ ಬಿಟ್ಟಳು.

"ದೊಡ್ಡ ಸಬ್‌ವೂಫರ್ ಹಾಕಿ" ಅಂದೆ. ಅಂಗಡಿಯ ಮೇಸ್ತ್ರಿ ಬಾಗಿಲನ್ನು ಬೆರಳಿಂದ ತಟ್ಟಿದರು. ಖಾಲಿ ಡಬ್ಬದ ಸದ್ದು.

"ಸ್ಪೀಕರ್ ಆಮೇಲೆ ನೋಡೋಣ ಸಾರ್. ಮೊದ್ಲು ಡಬ್ಬ ಸರಿಯಾಗ್ಲಿ."

ಬಾಗಿಲ ಪ್ಯಾಡ್ ಬಿಚ್ಚಿ ತೋರಿಸಿದರು. ಒಳಗೆಲ್ಲ ದೊಡ್ಡ ದೊಡ್ಡ ತೂತು. ಸ್ಪೀಕರ್‌ನ ಹಿಂದಿನಿಂದ ಹೊರಟ ಸದ್ದು ಆ ತೂತುಗಳಿಂದ ಈಚೆ ಬಂದು, ಮುಂದಿನ ಸದ್ದಿಗೆ ಎದುರಾಗಿ, ಬೇಸನ್ನೇ ಅಳಿಸಿಹಾಕುತ್ತದಂತೆ. ತೆಳು ತಗಡು ಬೇರೆ ತಾನೂ ನಡುಗಿ ತನ್ನ ರಾಗ ಸೇರಿಸುತ್ತದೆ. ಅವರು ತೂತು ಮುಚ್ಚಿ, ರಬ್ಬರಿನಂಥ ಡ್ಯಾಂಪಿಂಗ್ ಶೀಟ್ ಅಂಟಿಸಿ, ರೋಲರ್‌ನಿಂದ ಒತ್ತಿದರು. ನೀರು ಇಳಿದುಹೋಗುವ ಕೆಳಗಿನ ಕಂಡಿಗಳನ್ನು ಮಾತ್ರ ಹಾಗೇ ಬಿಟ್ಟರು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ.

ಆಮೇಲೆ ಸೆಟ್ಟಿಂಗ್. ನಾನು ತುದಿಗೇರಿಸಿದ್ದ ಬೇಸನ್ನು ಸೊನ್ನೆಗೆ ತಂದರು. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಬಾಗಿಲ ಸ್ಪೀಕರ್‌ಗೆ ಹೋಗದಂತೆ ಫಿಲ್ಟರ್ ಹಾಕಿದರು. "ಸಣ್ಣ ಸ್ಪೀಕರ್ ಮೇಲೆ ಅಷ್ಟು ಭಾರ ಹಾಕಬಾರ್ದು ಸಾರ್." ಹಳೇ ಸ್ಪೀಕರೇ ಉಳಿಯಿತು. ಸಬ್‌ವೂಫರ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅರ್ಧ ಜೇಬಲ್ಲೇ ಉಳಿಯಿತು.

ಮುಂದಿನ ಭಾನುವಾರ ಅಪ್ಪನ ಜೊತೆ ಊರಿಗೆ ಹೊರಟೆ. ಕುಣಿಗಲ್ ದಾಟಿದರೂ ಹಾಡಿನ ಒಂದೊಂದು ಪದವೂ ಸ್ಪಷ್ಟ. 20ರಲ್ಲಿ ಇರುತ್ತಿದ್ದ ವಾಲ್ಯೂಮ್ 10ಕ್ಕೆ ಇಳಿದಿತ್ತು. ಬೆಳ್ಳೂರು ಕ್ರಾಸ್ ಹತ್ತಿರ ಅಪ್ಪ ಕೇಳಿದರು, "ತೋಟ ಕೊಡೋರಿಗೆ ಮುಂದಿನ ವಾರ ಬರಕ್ಕೆ ಹೇಳ್ಲೇನೋ?"

"ಯಾವ ತೋಟ?"

"ನಮ್ಮದೇ ಕಣೋ. ಕೊಳ್ಳೋರು ಬಂದವ್ರೆ, ಕೊಟ್ಬಿಡ್ಲಾ ಅಂತ ಹೋದ್ಸಲ ಇಲ್ಲೇ ಕೇಳಿದ್ನಲ್ಲ. ನೀನು ಹೂಂ ಅಂದೆ."

ನಾನು ಹೂಂ ಅಂದಿದ್ದು ನಿಜವೇ ಇರಬೇಕು. ಗಡಗಡ ಸದ್ದಲ್ಲಿ ಅಪ್ಪನ ತುಟಿ ಅಲ್ಲಾಡಿದಾಗೆಲ್ಲ ಹೂಂ ಅನ್ನೋದು ಅಭ್ಯಾಸವಾಗಿತ್ತು. ಅಜ್ಜ ನೆಟ್ಟ ತೆಂಗಿನ ತೋಟಕ್ಕೂ ಹಾಗೇ ಹೂಂ ಅಂದಿದ್ದೆ.

ಹಿರೀಸಾವೆ ಹತ್ತಿರ ಕಾರು ನಿಲ್ಲಿಸಿ ಸ್ಟೀರಿಯೋ ಆಫ್ ಮಾಡಿದೆ. "ಅಪ್ಪಾ, ನನಗೆ ಕೇಳಿಸಿರ್ಲಿಲ್ಲ. ಮುಂಗಡ ತಗೊಂಡ್ರಾ?"

"ಇಲ್ಲ." ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಹೇಳಿದರು, "ನೀನು ಬ್ಯಾಡ ಅಂತೀಯ ಅಂದ್ಕಂಡಿದ್ದೆ ಕಣೋ."

ಮಾರೋದು ಬೇಡ ಅಂತ ಇನ್ನೂ ತೀರ್ಮಾನವಾಗಿಲ್ಲ. ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆ ಹಾಗೇ ಇದೆ. ಆದರೆ ಈಗ ತಿಂಗಳಿಗೆ ಎರಡು ಸಲ ಆ ದಾರಿಯಲ್ಲಿ ಹೋಗುತ್ತೇವೆ, ಮಾತಾಡುತ್ತೇವೆ. ನೀವೂ ಕಾರಿನ ಸೌಂಡ್ ಸರಿಮಾಡಿಸೋಕೆ ಹೊರಟಿದ್ದರೆ, ದೊಡ್ಡ ಸ್ಪೀಕರ್ ಕೇಳುವ ಮುಂಚೆ ಬಾಗಿಲನ್ನೊಮ್ಮೆ ತಟ್ಟಿ ನೋಡಿ.