ಮೂವತ್ತು ಮಾತು, ಒಂದೇ ದಾರಿ

ಎರಡು ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆ ಹೋಗಲು ಒಂದು ಜೊತೆ ತಂತಿ, ಬರಲು ಒಂದು ಜೊತೆ. ಅಷ್ಟರಲ್ಲೇ ಮೂವತ್ತು ಸಂಭಾಷಣೆಗಳು ನಡೆಯುತ್ತವೆ ಎಂದರೆ ಪಿಯುಸಿ ಮಕ್ಕಳು ನನ್ನ ಮುಖ ನೋಡುತ್ತಾರೆ. ಮಾತುಗಳು ಕಲೆಸಿ ಹೋಗುವುದಿಲ್ಲವೇ?

ಇಲ್ಲ. ಏಕೆಂದರೆ ಅವು ಸರದಿಯಲ್ಲಿ ಹೋಗುತ್ತವೆ. ನಮ್ಮ ಮಂಗಳೂರಿನ ಸಿಟಿ ಬಸ್ಸುಗಳ ‘ಟೈಮಿಂಗ್’ ನೆನಪಿಸಿಕೊಳ್ಳಿ. ಸ್ಟೇಟ್‌ಬ್ಯಾಂಕಿನಿಂದ ಹೊರಡಲು ಪ್ರತಿ ಬಸ್ಸಿಗೂ ಒಂದು ನಿಮಿಷ ಗೊತ್ತುಮಾಡಿರುತ್ತದೆ. ಅಲ್ಲಿ ಆ ನಿಮಿಷಕ್ಕಾಗಿ ಕಂಡಕ್ಟರುಗಳ ಜಗಳ. ತಂತಿಯಲ್ಲಿ ಮಾತ್ರ ಜಗಳವಿಲ್ಲ.

ಎಕ್ಸ್‌ಚೇಂಜು ಪ್ರತಿಯೊಬ್ಬರ ದನಿಯನ್ನೂ ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಗೂ ಎಂಟು ಬಿಟ್, ಅಂದರೆ ಎಂಟು ಸೊನ್ನೆ-ಒಂದುಗಳು. ಒಬ್ಬರ ಒಂದು ಅಳತೆಗೂ ಮುಂದಿನದಕ್ಕೂ ನಡುವೆ 125 ಮೈಕ್ರೋಸೆಕೆಂಡ್ ಬಿಡುವು. ಅಷ್ಟರೊಳಗೆ ಉಳಿದವರ ಅಳತೆಗಳು ಒಂದರ ಹಿಂದೊಂದು ಸಾಗಿಬಿಡುತ್ತವೆ. ಈ ಒಂದು ಸುತ್ತಿಗೆ ‘ಫ್ರೇಮ್’ ಎಂದು ಹೆಸರು. ಅದರಲ್ಲಿ 0ಯಿಂದ 31ರವರೆಗೆ 32 ಸ್ಥಾನ. ಲೆಕ್ಕ ಹಾಕಿ: 32×8×8,000, ಸೆಕೆಂಡಿಗೆ 20,48,000 ಬಿಟ್.

ಸ್ಥಾನ 32, ಮಾತು 30. ಉಳಿದೆರಡು? 16ನೆಯದು ಯಾರು ಯಾರನ್ನು ಕರೆದರು, ಯಾರು ರಿಸೀವರ್ ಇಟ್ಟರು ಎಂಬ ಸುದ್ದಿಗೆ. ನನಗೆ ಇಷ್ಟವಾದದ್ದು ಸೊನ್ನೆಯ ಸ್ಥಾನ. ಒಂದು ಬಿಟ್ಟು ಒಂದು ಫ್ರೇಮಿನಲ್ಲಿ ಅದು 0011011 ಎಂಬ ಗುರುತನ್ನು ಹೊತ್ತು ಬರುತ್ತದೆ. ಎಣಿಕೆ ಎಲ್ಲಿಂದ ಶುರು ಎಂದು ಆಚೆಯ ಯಂತ್ರಕ್ಕೆ ತಿಳಿಯುವುದು ಅದರಿಂದಲೇ. ಎಣಿಕೆ ಒಂದು ಸ್ಥಾನ ತಪ್ಪಿದರೂ ಕದ್ರಿಯವರ ಮಾತು ಕಂಕನಾಡಿಯವರ ಕಿವಿಗೆ! ಹಾಗಾಗಿ ಗುರುತು ತಪ್ಪಿದರೆ ಯಂತ್ರ ಮೊದಲು ಅದನ್ನೇ ಹುಡುಕುತ್ತದೆ.

ಅಮೆರಿಕದವರು 24 ಮಾತಿನ ಫ್ರೇಮ್ ಕಟ್ಟಿಕೊಂಡರು. ಭಾರತ ಯುರೋಪಿನ 30ರದ್ದನ್ನು ಆರಿಸಿತು. ಅಂದ ಹಾಗೆ, ಸಿ-ಡಾಟ್ ಸಂಸ್ಥೆಯ ಸ್ವದೇಶಿ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ.

ಈಗ ಮೊಬೈಲಿನ ಮಾತು ಹೆಚ್ಚಾಗಿ ವಿಳಾಸ ಬರೆದ ಪೊಟ್ಟಣಗಳಾಗಿ ಹೋಗುತ್ತದೆ. ಸುಮ್ಮನಿದ್ದರೆ ಪೊಟ್ಟಣಗಳೂ ಕಡಿಮೆ. ಫ್ರೇಮಿನಲ್ಲಿ ಹಾಗಲ್ಲ, ಕರೆ ಮುಗಿಯುವ ತನಕ ಸ್ಥಾನ ನಿಮ್ಮದೇ, ಮಾತಾಡಿ ಬಿಡಿ. ತೊಂಬತ್ತರ ದಶಕದಲ್ಲಿ ರಾತ್ರಿ ದರ ಇಳಿದ ಮೇಲೆ ಅಮ್ಮನೂ ನಾನೂ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು ಮುಂಬಯಿಯ ಹೋಟೆಲಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡುತ್ತಿದ್ದೆವು. ಅವನ ದನಿ ಕೇಳಿದೊಡನೆ ಅಮ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ಮೀಟರ್ ಓಡುತ್ತಿತ್ತು, ನಾನು ಚಡಪಡಿಸುತ್ತಿದ್ದೆ. ಡಿಜಿಟಲ್ ಲೈನು ಆ ಮೌನವನ್ನೂ ಸೆಕೆಂಡಿಗೆ 8,000 ಸಲ ಅಳೆದು ಅಣ್ಣನಿಗೆ ಮುಟ್ಟಿಸುತ್ತಿತ್ತು.